ಇರಾನ್: ಕಾನೂನು ಹಾಗೇ ಇದೆ, ಬೀದಿ ಬದಲಾಗಿದೆ. ಇದನ್ನು ಬದಲಾವಣೆ ಅನ್ನಬಹುದಾ?

ತುಂಗಾತೀರ · 14 ನವೆಂಬರ್ 2025, ರಾತ್ರಿ 9:12

ಹಿಜಾಬ್ ಸರಿಯಿಲ್ಲ ಅಂತ ಪೊಲೀಸರು ಹಿಡಿದೊಯ್ದ ಮಹ್ಸಾ ಅಮೀನಿ ಅವರ ವಶದಲ್ಲೇ ತೀರಿಕೊಂಡು ಈ ಸೆಪ್ಟೆಂಬರಿಗೆ ಮೂರು ವರ್ಷವಾಯಿತು. ಅಲ್ಲಿ ಜನ ಪ್ರತಿಭಟನೆಗೆ ಬೀದಿಗಿಳಿದರು, ಆಗ ನಮ್ಮ ಟಿವಿ, ಪೇಪರುಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಸರ್ಕಾರ ಬೀಳುತ್ತಾ? ಬೀಳಲಿಲ್ಲ. ಕ್ಯಾಮೆರಾಗಳು ಬೇರೆ ಕಡೆ ತಿರುಗಿದವು. ಮತ್ತೆ ಇರಾನ್ ನೆನಪಾದದ್ದು ಈ ಜೂನ್‌ನಲ್ಲಿ, ಇಸ್ರೇಲ್ ಜೊತೆ 12 ದಿನದ ಯುದ್ಧ ಆದಾಗ, ಅದೂ ಕ್ಷಿಪಣಿ ಎಣಿಸೋದಕ್ಕೆ.

ನಡುವಿನ ಮೂರು ವರ್ಷದಲ್ಲಿ ಆದದ್ದರ ಬಗ್ಗೆ ಕನ್ನಡದಲ್ಲಿ ಓದೋಕೆ ಏನೂ ಸಿಗಲಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ಇವತ್ತು ಟೆಹ್ರಾನಿನಲ್ಲಿ ತಲೆಗೆ ಬಟ್ಟೆ ಇಲ್ಲದೆ ಮೆಟ್ರೊ ಹತ್ತುವ, ಕೆಫೆಯಲ್ಲಿ ಕೂರುವ ಹೆಂಗಸರು ವಿಶೇಷ ಸುದ್ದಿಯೇ ಅಲ್ಲ. ಹಾಗಂತ ಕಾನೂನು ಸಡಿಲ ಆಯ್ತಾ? ಇಲ್ಲ, ಇನ್ನೂ ಬಿಗಿಯಾಯಿತು. 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಹಿಜಾಬ್ ಮೇಲೆ ಹೊಸ ಮಸೂದೆ ಪಾಸು ಮಾಡಿತು: ಭಾರೀ ದಂಡ, ವರ್ಷಗಟ್ಟಲೆ ಜೈಲು, ಬರಿತಲೆಯಲ್ಲಿ ಬಂದವಳಿಗೆ ಕಾಫಿ ಕೊಟ್ಟ ಅಂಗಡಿಯವನಿಗೂ ಶಿಕ್ಷೆ. ಒಂದು ವರ್ಷ ಎಳೆದಾಡಿ ಮಸೂದೆಗಳನ್ನು ಒಪ್ಪಬೇಕಾದ ರಕ್ಷಕ ಮಂಡಳಿ ಮುದ್ರೆ ಒತ್ತಿತು. 2024ರ ಡಿಸೆಂಬರ್ 13ಕ್ಕೆ ಜಾರಿಗೆ ಬರಬೇಕಿತ್ತು. ಬರುವ ಮುನ್ನವೇ ರಾಷ್ಟ್ರೀಯ ಭದ್ರತಾ ಪರಿಷತ್ತು ತಡೆಹಿಡಿಯಿತು. ಈಗ ಅದು ರದ್ದೂ ಆಗಿಲ್ಲ, ಜಾರಿಯೂ ಆಗಿಲ್ಲ. ಹಳೆಯ ಹಿಜಾಬ್ ಕಾನೂನಂತೂ ಪುಸ್ತಕದಲ್ಲಿ ಇದ್ದೇ ಇದೆ.

ಇದು ಅಲ್ಲಿ ಹೊಸ ಕಥೆ ಅಲ್ಲ. 1990ರ ದಶಕದ ನಡುವೆ ಡಿಶ್ ಆಂಟೆನಾ ನಿಷೇಧಿಸಿದರು. ಪೊಲೀಸರು ಮಹಡಿ ಹತ್ತಿ ಡಿಶ್ ಕಿತ್ತು ಬೀದಿಗೆ ಎಸೆದರು, ಸರ್ಕಾರದ ಸ್ವಯಂಸೇವಕ ಪಡೆ ಬಾಸಿಜ್‌ನವರು 2016ರಲ್ಲೂ ರಾಶಿ ಹಾಕಿ ಜಜ್ಜಿದರು. ಆ ಕಾನೂನು ಇವತ್ತಿಗೂ ಇದೆ. ಟೆಹ್ರಾನಿನ ಯಾವ ಮಹಡಿ ಫೋಟೊ ನೋಡಿದರೂ ಡಿಶ್‌ಗಳೂ ಇವೆ. ಹಿಜಾಬ್ ಕಾನೂನೂ ಇದೇ ದಾರಿ ಹಿಡಿದಿದೆ ಅನ್ನೋದು ನನ್ನ ವಾದ. ಸರ್ಕಾರ ಕೊಟ್ಟ ಸುಧಾರಣೆ ಅಲ್ಲ ಇದು, ಜನ ದಿನಾ ಒಂದಿಷ್ಟು ಕಿತ್ತುಕೊಂಡದ್ದು. ಒಪ್ಪದವರು ಬರೆಯಿರಿ.

ಸಿಡಿಮಿಡಿ · 14 ನವೆಂಬರ್, ರಾತ್ರಿ 9:50

ಒಪ್ಪಲ್ಲ. ಡಿಶ್ ಇಟ್ಟುಕೊಂಡಿದ್ದಕ್ಕೆ ಪೊಲೀಸ್ ವ್ಯಾನ್ ಹತ್ತಿಸಿಕೊಂಡು ಹೋಗಿ ಹೆಣ ವಾಪಸ್ ಕೊಟ್ಟದ್ದು ಕೇಳಿದ್ದೀರಾ? 2022ರಲ್ಲಿ ಸತ್ತವರು ಎಷ್ಟು ಜನ? ವಿಶ್ವಸಂಸ್ಥೆಯ ಸತ್ಯಶೋಧನಾ ತಂಡವೇ 551 ಅಂತ ಹೇಳಿದೆ, ಅದರಲ್ಲಿ 68 ಮಕ್ಕಳು. ಆಮೇಲೆ ಪ್ರತಿಭಟನಾಕಾರರಿಗೆ ಗಲ್ಲು. ಮೊಹ್ಸೆನ್ ಶೆಕಾರಿ, ಮಜೀದ್‌ರೆಜಾ ರಹ್ನವರ್ದ್, ಇಬ್ಬರಿಗೂ 23 ವರ್ಷ. ರಹ್ನವರ್ದ್‌ನನ್ನು ಮಶ್ಹದ್‌ನಲ್ಲಿ ಕ್ರೇನಿಗೆ ನೇತುಹಾಕಿದರು, ಸಾರ್ವಜನಿಕವಾಗಿ. ಒಂದಷ್ಟು ಕೆಫೆ ಫೋಟೊ ನೋಡಿ ನೀವು ಬದಲಾವಣೆ ಅಂತೀರಿ. ಉತ್ತರ ಟೆಹ್ರಾನಿನ ಶ್ರೀಮಂತರ ಇನ್‌ಸ್ಟಾಗ್ರಾಂ ಇರಾನ್ ಅಲ್ಲ.

ಇನ್ನೊಂದು. ನಮ್ಮ ಉಡುಪಿ ಹಿಜಾಬ್ ಗಲಾಟೆ ಸುಪ್ರೀಂ ಕೋರ್ಟಿಗೆ ಹೋದಾಗ ಸಾಲಿಸಿಟರ್ ಜನರಲ್ ಕೂಡ ಇರಾನಿನ ಹೆಂಗಸರ ಉದಾಹರಣೆ ಕೊಟ್ಟರು. ಆಗ ಇಲ್ಲಿನ ಪ್ರಗತಿಪರರಿಗೆ ಕಸಿವಿಸಿ. ಈಗ ಅದೇ ಜನ ಇರಾನಿನ ಹೆಂಗಸರಿಗೆ ಚಪ್ಪಾಳೆ. ಎರಡಕ್ಕೂ ಒಂದೇ ಅಳತೆಗೋಲು ಇರಲಿ.

ಬರ್ಲಿನ್ ಬಿಸಿಬೇಳೆ · 14 ನವೆಂಬರ್, ರಾತ್ರಿ 10:31

@ಸಿಡಿಮಿಡಿ ಅಳತೆಗೋಲು ಒಂದೇ ಇದೆ. ಅಲ್ಲಿ ಸರ್ಕಾರ ಹಾಕ್ಕೋ ಅನ್ನುತ್ತೆ, ಇಲ್ಲಿ ಸರ್ಕಾರ ತೆಗಿ ಅನ್ನುತ್ತೆ, ಎರಡು ಕಡೆಯೂ ಹುಡುಗಿ ಹೇಳೋದು 'ನನ್ನ ತಲೆ ನಾನು ನೋಡ್ಕೋತೀನಿ' ಅಂತ. ಇರಾನಿಗೆ ಈ ಎರಡೂ ಅನುಭವ ಆಗಿದೆ. 1936ರಲ್ಲಿ ದೊರೆ ರೆಜಾ ಶಾ ಹಿಜಾಬ್ ನಿಷೇಧಿಸಿದಾಗ ಪೊಲೀಸರು ಬೀದಿಯಲ್ಲಿ ಮೈತುಂಬ ಹೊದೆಯುವ ಚಾದರ್ ಎಳೆದು ಹರಿದರು, ಎಷ್ಟೋ ಹೆಂಗಸರು ಮನೆಯಿಂದ ಹೊರಗೆ ಬರೋದನ್ನೇ ಬಿಟ್ಟರು. 1979ರಲ್ಲಿ ಕ್ರಾಂತಿಯ ನಾಯಕ ಖೊಮೇನಿ ಹಿಜಾಬ್ ಬೇಕು ಅಂದ ಕೂಡಲೇ ಮಾರ್ಚ್ 8ಕ್ಕೆ ಟೆಹ್ರಾನಿನಲ್ಲಿ ಸಾವಿರಾರು ಹೆಂಗಸರು ಬೀದಿಗೆ ಇಳಿದರು. ಶಾ ಆಳ್ವಿಕೆ ಕೊನೆಗೊಳಿಸಿದ ಕ್ರಾಂತಿ ಆಗಿ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಎಡಪಂಥದ ಗಂಡಸರೂ ಆಗ 'ಇದು ಮುಖ್ಯ ವಿಷಯ ಅಲ್ಲ, ಆಮೇಲೆ ನೋಡೋಣ' ಅಂದರು. ಆ 'ಆಮೇಲೆ' ಬರೋಕೆ 43 ವರ್ಷ ಹಿಡೀತು.

ನಿರ್ವಾಹಕ · 14 ನವೆಂಬರ್, ರಾತ್ರಿ 10:40

ಉಡುಪಿ ವಿಷಯಕ್ಕೆ ಬೇರೆ ಎಳೆ ಇದೆ, 2022ರಿಂದ ಅಲ್ಲಿ ಬಡಿದಾಡ್ತಾನೇ ಇದ್ದೀರಿ. ಇಲ್ಲಿ ಇರಾನ್ ಮಾತ್ರ. ಇನ್ಮೇಲೆ ಬಂದರೆ ಅಳಿಸ್ತೀನಿ.

ಮೇಷ್ಟ್ರಮ್ಮ · 15 ನವೆಂಬರ್, ಬೆಳಿಗ್ಗೆ 6:20

ತುಂಗಾತೀರ ಅವರು ಕಥೆಯನ್ನು 2022ರಿಂದ ಶುರುಮಾಡಿದ್ದಾರೆ. ನಾನಾದರೆ 1980ರ ದಶಕದ ಹಳ್ಳಿ ಶಾಲೆಯಿಂದ ಶುರುಮಾಡುತ್ತಿದ್ದೆ. ಮೂವತ್ತು ವರ್ಷ ಸಮಾಜಶಾಸ್ತ್ರ ಪಾಠ ಮಾಡಿದ ಚಟ, ಸಹಿಸಿಕೊಳ್ಳಿ.

ಶಾ ಕಾಲದ ಇರಾನ್ ಎಂದರೆ ನಮಗೆ ಮಿನಿಸ್ಕರ್ಟ್ ಹಾಕಿದ ಟೆಹ್ರಾನ್ ಹುಡುಗಿಯರ ಫೋಟೊ ನೆನಪಾಗುತ್ತದೆ. ಆದರೆ 1976ರ ಜನಗಣತಿಯಲ್ಲಿ ಓದು ಬರಹ ಬಲ್ಲ ಹೆಂಗಸರು ಮೂರರಲ್ಲಿ ಒಬ್ಬರಿಗಿಂತ ತುಸು ಹೆಚ್ಚು, ಅಷ್ಟೇ. ಕ್ರಾಂತಿಯಾದ ಮೇಲೆ ಶಾಲೆ, ಕಾಲೇಜಿನಲ್ಲಿ ಗಂಡು ಹೆಣ್ಣನ್ನು ಬೇರ್ಪಡಿಸಿದರು, ಹಿಜಾಬ್ ಕಡ್ಡಾಯವಾಯಿತು. ನಗರದ ಹೆಣ್ಣುಮಕ್ಕಳಿಗೆ ಅದು ಉಸಿರುಗಟ್ಟಿಸಿದ್ದು ನಿಜ. ಆದರೆ ಹಳ್ಳಿಯ, ಸಣ್ಣ ಊರಿನ ಸಂಪ್ರದಾಯಸ್ಥ ಅಪ್ಪಂದಿರಿಗೆ ಮಗಳನ್ನು ಶಾಲೆಗೆ ಕಳಿಸದಿರುವುದಕ್ಕೆ ಇದ್ದ ನೆಪವೇ ಹೋಯಿತು. 'ಅಲ್ಲಿ ವಾತಾವರಣ ಸರಿಯಿಲ್ಲ' ಎನ್ನುವಂತಿರಲಿಲ್ಲ, ವಾತಾವರಣ ಈಗ ಇಮಾಮರದ್ದೇ! ಆಜಾದ್ ವಿಶ್ವವಿದ್ಯಾಲಯ ಸಣ್ಣ ಸಣ್ಣ ಊರುಗಳಲ್ಲೂ ಕಾಲೇಜು ತೆರೆಯಿತು. 1990ರ ದಶಕದ ಕೊನೆಯ ಹೊತ್ತಿಗೆ 'ಕೊಂಕೂರ್' ಎಂಬ ಪ್ರವೇಶ ಪರೀಕ್ಷೆ ಗೆದ್ದು ವಿಶ್ವವಿದ್ಯಾಲಯ ಸೇರುವವರಲ್ಲಿ ಹುಡುಗಿಯರೇ ಹೆಚ್ಚಾದರು. ಎಷ್ಟು ಹೆಚ್ಚಾದರೆಂದರೆ 2012ರಲ್ಲಿ 36 ವಿಶ್ವವಿದ್ಯಾಲಯಗಳು 77 ವಿಷಯಗಳಿಗೆ ಹುಡುಗಿಯರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದವು. ಮರಿಯಂ ಮಿರ್ಜಾಖಾನಿ ಇದೇ ಶಾಲೆಗಳಲ್ಲಿ ಕಲಿತವಳು. 2014ರಲ್ಲಿ ಗಣಿತದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ.

ಹೆರಿಗೆಯ ಲೆಕ್ಕ ನೋಡಿ. 1980ರ ದಶಕದ ಆರಂಭದಲ್ಲಿ ಒಬ್ಬ ತಾಯಿಗೆ ಸರಾಸರಿ ಆರಕ್ಕೂ ಹೆಚ್ಚು ಮಕ್ಕಳು. 2000ದ ಹೊತ್ತಿಗೆ ಎರಡರ ಆಸುಪಾಸು. ಇಷ್ಟು ಬೇಗ ಇಳಿದ ದೇಶ ಬಹಳ ಕಡಿಮೆ. ಇರಾಕ್ ಯುದ್ಧ ಮುಗಿದು ಖಜಾನೆ ಬರಿದಾಗಿದ್ದಾಗ ಮೌಲ್ವಿಗಳ ಸರ್ಕಾರವೇ ಕುಟುಂಬ ಯೋಜನೆ ಶುರುಮಾಡಿತ್ತು. ಹಳ್ಳಿ ಹಳ್ಳಿಗೆ ಆರೋಗ್ಯ ಮನೆ, ಅದೇ ಹಳ್ಳಿಯ ಹುಡುಗಿಯೇ ಆರೋಗ್ಯ ಕಾರ್ಯಕರ್ತೆ, ಮದುವೆಗೆ ಮುಂಚೆ ವಧೂವರರಿಬ್ಬರಿಗೂ ಗರ್ಭನಿರೋಧಕದ ಕ್ಲಾಸು ಕಡ್ಡಾಯ. ಆಮೇಲೆ ಗಾಬರಿಯಾಗಿ 2021ರಲ್ಲಿ ಮಕ್ಕಳನ್ನು ಹೆರಿ ಎಂದು ಕಾನೂನು ತಂದರು, ಉಚಿತ ಗರ್ಭನಿರೋಧಕ ನಿಲ್ಲಿಸಿದರು. ಹೆಂಗಸರು ಕೇಳಲಿಲ್ಲ.

ಅಂದರೆ 2022ರಲ್ಲಿ ಬೀದಿಗಿಳಿದ ಹುಡುಗಿಯರು ಎಲ್ಲಿಂದಲೋ ಉದುರಿದವರಲ್ಲ, ಈ ಗಣರಾಜ್ಯವೇ ಓದಿಸಿದ ತಾಯಂದಿರ ಮಕ್ಕಳು. ಶಾಲೆ ಕೊಟ್ಟಿತು, ಕೆಲಸ ಕೊಡಲಿಲ್ಲ. ಹೆಂಗಸರಲ್ಲಿ ಇವತ್ತಿಗೂ ಉದ್ಯೋಗ ಮಾರುಕಟ್ಟೆಯಲ್ಲಿರುವವರು ನೂರಕ್ಕೆ 15ರ ಆಸುಪಾಸು. ಇಂಜಿನಿಯರಿಂಗ್ ಓದಿದವಳಿಗೆ ಪಾಸ್‌ಪೋರ್ಟ್ ಬೇಕಾದರೆ ಗಂಡನ ಸಹಿ. ಸಿಟ್ಟು ಹುಟ್ಟುವುದು ಇಂಥ ಕಡೆ.

ಗದಗಿನ ಗೆಳೆಯ · 15 ನವೆಂಬರ್, ಬೆಳಿಗ್ಗೆ 8:05

ಮೇಡಂ ಬರದದ್ದು ಭಾಳ ಛಲೋ ಐತಿ. ಆದ್ರ ಎಲ್ಲಾರೂ ಬರೇ ತಲಿ ಮ್ಯಾಲಿನ ಬಟ್ಟಿ ಬಗ್ಗೆನೇ ಮಾತಾಡಾಕತ್ತೀರಿ. ನೀರಿಂದು ಯಾರೂ ಹೇಳವಲ್ರಿ. ಹೋದ ವಾರ ಅಲ್ಲಿ ಅಧ್ಯಕ್ಷ ಪೆಜೆಶ್ಕಿಯಾನ್ ಏನಂದಾನ ಗೊತ್ತೈತೇನ್ರಿ? ಮಳಿ ಬರಲಿಲ್ಲಂದ್ರ ಟೆಹ್ರಾನ್ ಖಾಲಿ ಮಾಡಬೇಕಾಗ್ತೈತಿ ಅಂದಾನ. ಕೋಟಿ ಮಂದಿ ಊರದು! ಉರ್ಮಿಯಾ ಕೆರಿ ಒಣಗಿ ಉಪ್ಪಿನ ಬಯಲಾಗೈತಿ. ಇಸ್ಫಹಾನದಾಗ ಜಾಯಂದೆ ರೂದ್ ಅಂತ ನದಿ, ಅದರ ಮ್ಯಾಲ 33 ಕಮಾನಿನ ಹಳೇ ಸೇತುವಿ. ವರ್ಷದಾಗ ಎಷ್ಟೋ ತಿಂಗಳು ಆ ಕಮಾನಿನ ಕೆಳಗ ನೀರಾ ಇರೂದಿಲ್ಲ, ಮಂದಿ ನಡಕೊಂತ ಓಡಾಡ್ತಾರ. 2021ರ ನವೆಂಬರದಾಗ ರೈತ್ರು ಆ ಒಣ ಹಳ್ಳದಾಗ ಟೆಂಟ್ ಹಾಕಿ ಕುಂತಿದ್ರು. ಮೊದಲ ಸರ್ಕಾರಿ ಟಿವಿನೂ ತೋರಿಸ್ತು, ಆಮ್ಯಾಲ ಪೊಲೀಸ್ರು ಬಂದು ಟೆಂಟ್ ಸುಟ್ರು, ಛರ್ರಾ ಗುಂಡು ಹೊಡದ್ರು. ಅದೇ ವರ್ಷ ಜುಲೈದಾಗ ಖುಜೆಸ್ತಾನದಾಗೂ ನೀರಿಗೇ ಗಲಾಟಿ, ಅಲ್ಲೂ ಗುಂಡು.

ನಾವು ಮಹದಾಯಿ ಅಂತ ನರಗುಂದದಾಗ ವರ್ಷಗಟ್ಟಲೆ ಕುಂತವ್ರು. ಅದಕ್ಕ ನನಗ ಈ ಸುದ್ದಿನ ಮೊದಲ ಕಣ್ಣಿಗೆ ಬೀಳ್ತೈತಿ. ಇಸ್ಫಹಾನದ ರೈತನ ಹೇಣ್ತಿ ಚಾದರ್ ಹೊತ್ಕೊಂಡೇ ಆ ಹಳ್ಳದಾಗ ಕುಂತಿದ್ಲು. ಆಕೀನೂ ಬದಲಾವಣಿನ ಹೌದಲ್ರಿ?

ಕರಾವಳಿ ಟು ಕೊಲ್ಲಿ · 15 ನವೆಂಬರ್, ಮಧ್ಯಾಹ್ನ 1:44

ದುಬೈ ದೇರಾದಲ್ಲಿ ಕಾರ್ಗೋ ಆಫೀಸಿನಲ್ಲಿ ಇದ್ದೇನೆ. ಕ್ರೀಕ್ ದಂಡೆಯಲ್ಲಿ ಮರದ ಧೋ ಹಡಗುಗಳು ಸಾಲಾಗಿ ನಿಂತಿರ್ತವೆ, ಫ್ರಿಜ್, ಟೈರ್, ಎಣ್ಣೆ ಡಬ್ಬ, ಎಸಿ, ಎಲ್ಲ ತುಂಬಿಕೊಂಡು ಬಂದರ್ ಅಬ್ಬಾಸಿಗೆ, ಬುಶೆಹ್ರ್‌ಗೆ ಹೋಗ್ತವೆ. ಹಾಗಾಗಿ ಇರಾನಿನ ಜನರ ಜೊತೆ ದಿನಾ ಮಾತು ಉಂಟು.

ಅವರ ಬಾಯಲ್ಲಿ ಹಿಜಾಬಿಗಿಂತ ನೂರು ಪಾಲು ಹೆಚ್ಚು ಬರುವ ಮಾತು ಡಾಲರ್ ರೇಟು. ಬೆಳಿಗ್ಗೆ ಸಲಾಂಗಿಂತ ಮೊದಲು ಅದು. 2015ರಲ್ಲಿ ಅಣು ಒಪ್ಪಂದ ಆದಾಗ ಒಂದು ಡಾಲರಿಗೆ 32-33 ಸಾವಿರ ರಿಯಾಲ್. 2018ರ ಮೇಯಲ್ಲಿ ಟ್ರಂಪ್ ಒಪ್ಪಂದ ಹರಿದು ಹಾಕಿದ. ಈಗ 10 ಲಕ್ಷ ದಾಟಿ ಎಷ್ಟೋ ದಿನ ಆಯ್ತು. ಸೆಪ್ಟೆಂಬರ್ ಕೊನೆಗೆ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳೂ ವಾಪಸ್ ಬಂದವು. ನೋಟಿನಿಂದ ನಾಲ್ಕು ಸೊನ್ನೆ ತೆಗೀಬೇಕು ಅಂತ ಅಕ್ಟೋಬರಿನಲ್ಲಿ ಸಂಸತ್ತೇ ಒಪ್ಪಿತು. ಸೊನ್ನೆ ತೆಗೆದರೆ ಅಕ್ಕಿ ಅಗ್ಗ ಆಗ್ತದಾ? ಲೆಕ್ಕ ಬರೆಯುವವನಿಗೆ ಸಲೀಸು, ಅಷ್ಟೇ.

ನಿರ್ಬಂಧ ಹಾಕಿದವರಿಗೆ ಒಂದು ಗೊತ್ತಾಗುವುದಿಲ್ಲ. ನೇರ ದಾರಿ ಮುಚ್ಚಿದರೆ ಕಳ್ಳದಾರಿ ಯಾರ ಕೈಯಲ್ಲಿ ಇರ್ತದೋ ಅವನೇ ರಾಜ. ಬಂದರು, ರಸ್ತೆ ಕಾಂಟ್ರಾಕ್ಟು, ತೈಲ ಎಲ್ಲ ಕಡೆ ಸರ್ಕಾರದ ಸೇನಾಪಡೆ ರೆವಲ್ಯೂಶನರಿ ಗಾರ್ಡ್‌ನವರದ್ದೇ ಕಾರುಬಾರು. ಸಣ್ಣ ಬಜಾರಿನ ವ್ಯಾಪಾರಿ ಸೋತ, ಗಾರ್ಡ್‌ನವನ ನೆಂಟ ಕೊಬ್ಬಿದ. 1979ರಲ್ಲಿ ಬಜಾರಿನವರೇ ಖೊಮೇನಿಗೆ ದುಡ್ಡು ಸುರಿದದ್ದು ಅಂತ ನಮ್ಮ ಹಳೇ ಗಿರಾಕಿಯೊಬ್ಬರು ಹೇಳ್ತಿರ್ತಾರೆ, ಈಗ ಅದೇ ಬಾಯಲ್ಲಿ ಶಾಪ.

@ತುಂಗಾತೀರ ನಿಮ್ಮ ಮಾತಿಗೂ ಒಂದು ಸಾಕ್ಷಿ ಉಂಟು. ಬಂದರ್ ಅಬ್ಬಾಸಿನಲ್ಲಿ ನಮ್ಮ ಕಾಗದಪತ್ರ ನೋಡುವ ಕ್ಲಿಯರಿಂಗ್ ಆಫೀಸಿನ ಹೆಂಗಸು. ಮೊದಲು ವಿಡಿಯೊ ಕಾಲ್‌ನಲ್ಲಿ ಬಂದರೆ ಗಲ್ಲದವರೆಗೆ ಬಿಗಿದ ಕಪ್ಪು ಮಗ್ನೆ ಅನ್ನುವ ತಲೆಗವಸು, ಆಫೀಸಿನವರಿಗೆ ಅದೇ ಯೂನಿಫಾರಂ ಥರ. ಈಗ ಕೂದಲಿಗೆ ಪ್ಲಾಸ್ಟಿಕ್ ಕ್ಲಿಪ್ ಹಾಕಿ ಕೂತಿರ್ತಾಳೆ. ಬೆನ್ನ ಹಿಂದಿನ ಗೋಡೆಯಲ್ಲಿ ಇಬ್ಬರು ಇಮಾಮರ ಫೋಟೊ ಹಾಗೇ ಉಂಟು. ಮಗ್ನೆ ಎಲ್ಲಿ ಅಂತ ಕೇಳಿದರೆ ಮೇಜಿನ ಖಾನೆ ತೆರೆದು ತೋರಿಸಿದಳು. ಇನ್‌ಸ್ಪೆಕ್ಷನ್ ಬಂದರೆ ಹಾಕಿಕೊಳ್ಳಲಿಕ್ಕೆ.

ಸಿಡಿಮಿಡಿ · 15 ನವೆಂಬರ್, ಮಧ್ಯಾಹ್ನ 2:10

ಖಾನೆಯಲ್ಲಿ ಇದೆಯಲ್ಲ, ಅದೇ ನಾನು ಹೇಳ್ತಿರೋದು! ಇನ್‌ಸ್ಪೆಕ್ಷನ್ ಬಂದರೆ ಹಾಕ್ಕೋಬೇಕು. ಅದು ಸ್ವಾತಂತ್ರ್ಯ ಅಲ್ಲ, ಪೊಲೀಸಪ್ಪನ ಮೂಡು.

ತುಂಗಾತೀರ · 15 ನವೆಂಬರ್, ಸಂಜೆ 6:30

@ಸಿಡಿಮಿಡಿ ಮೂಡು ಅನ್ನೋದು ಸರಿ. ಅದನ್ನು ಇನ್ನೂ ಗಟ್ಟಿ ಮಾಡ್ತೀನಿ. ಹಿಜಾಬ್ ನೋಡೋ ಪೊಲೀಸರ ವ್ಯಾನ್‌ಗಳು ಕಡಿಮೆಯಾದ ಮೇಲೆ ಕ್ಯಾಮೆರಾ ಬಂತು. 'ನಾಜೆರ್' ಅಂತ ಒಂದು ಆ್ಯಪ್. ಪೊಲೀಸರೂ, ಅವರು ಒಪ್ಪಿದ ಸಾರ್ವಜನಿಕರೂ ಕಾರಿನ ನಂಬರ್ ಹಾಕಿ 'ಇದರಲ್ಲಿ ಕೂತವಳ ತಲೆ ಬರಿದು' ಅಂತ ದೂರು ಕೊಡಬಹುದು. ಮಾಲೀಕನ ಮೊಬೈಲಿಗೆ ಎಸ್ಸೆಮ್ಮೆಸ್, ಮತ್ತೆ ಮತ್ತೆ ಆದರೆ ಕಾರು ಜಪ್ತಿ. ಟೆಹ್ರಾನ್ ಮತ್ತು ಕಿಶ್ ದ್ವೀಪದಲ್ಲಿ ಡ್ರೋನ್ ಕೂಡ ಬಳಸಿದ್ದಾರೆ ಅಂತ ಈ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ತಂಡ ವರದಿ ಕೊಟ್ಟಿತು. ಇಸ್ಫಹಾನದಲ್ಲಂತೂ ಹುಡುಗಿಯ ಮನೆಯವರಿಗೇ ಎಸ್ಸೆಮ್ಮೆಸ್ ಹೋಗಿದೆ.

ಆದರೆ ಇದನ್ನು ಇನ್ನೊಂದು ಕಡೆಯಿಂದ ನೋಡಿ. ಒಂದು ಸರ್ಕಾರ ಬೀದಿಯಲ್ಲಿ ಎದುರು ನಿಂತು 'ಹಾಕ್ಕೋ' ಅನ್ನೋಕೆ ಆಗದೆ ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸ್ತಿದೆ ಅಂದರೆ ಏನರ್ಥ? 2017ರ ಡಿಸೆಂಬರಿನಲ್ಲಿ ವಿದಾ ಮೊವಾಹೆದ್ ಎಂಗೆಲಾಬ್ ಬೀದಿಯ ಒಂದು ಪೆಟ್ಟಿಗೆ ಮೇಲೆ ಹತ್ತಿ ತಲೆಯ ಬಿಳಿ ಬಟ್ಟೆಯನ್ನು ಕೋಲಿಗೆ ಕಟ್ಟಿ ಹಿಡಿದು ನಿಂತಾಗ ಅವಳೊಬ್ಬಳೇ ಇದ್ದಳು. ಆಮೇಲೆ ಬೇರೆ ಹುಡುಗಿಯರೂ ಅದೇ ಥರ ನಿಂತರು. ಹಾಗೆ ಹತ್ತಲಾಗದಂತೆ ಪೆಟ್ಟಿಗೆಗಳ ಮೇಲೆ ಇಳಿಜಾರು ಮುಚ್ಚಳ ಬೆಸುಗೆ ಹಾಕಿಸಿದರು. ಈಗ ಲಕ್ಷಗಟ್ಟಲೆ ಹೆಂಗಸರು ನಡೆದಾಡುತ್ತಿದ್ದಾರೆ, ಯಾವುದಕ್ಕೆ ಅಂತ ಮುಚ್ಚಳ ಹಾಕೋದು?

ಗೌರಿಬಿದನೂರ್ ಲೋಕಲ್ · 15 ನವೆಂಬರ್, ರಾತ್ರಿ 8:15

ನಮ್ಮ ಪಕ್ಕದ ಅಲೀಪುರದ ಬಗ್ಗೆ ಗೊತ್ತಿರಬಹುದು, ಹೆಚ್ಚುಕಮ್ಮಿ ಪೂರ್ತಿ ಊರೇ ಶಿಯಾ. ತಲೆಮಾರುಗಳಿಂದ ಇರಾನಿನ ಧಾರ್ಮಿಕ ನಗರ ಕೋಮ್‌ಗೆ ಧರ್ಮಶಾಸ್ತ್ರ ಓದೋಕೆ ಹೋಗ್ತಾರೆ, ಈಚೆಗೆ ಟೆಹ್ರಾನ್‌ಗೆ ಎಂಬಿಬಿಎಸ್ ಓದೋಕೆ. ಜೂನ್‌ನಲ್ಲಿ ಬಾಂಬ್ ಬೀಳೋವಾಗ ಅಲ್ಲಿನ ಮಕ್ಕಳು ಟೆಹ್ರಾನಲ್ಲಿ ಸಿಕ್ಕಿಹಾಕ್ಕೊಂಡು ಊರಿಗೂರೇ ನಿದ್ದೆಗೆಟ್ಟಿತ್ತು.

ಅವರ ಕಡೆಯಿಂದ ನಾನು ಕೇಳಿರೋದು ಹೇಳ್ತೀನಿ. ಎಲ್ಲರೂ ಟೆಹ್ರಾನ್ ಹುಡುಗೀರ ಥರ ಇಲ್ಲ ಅಂತ ಕೋಮ್‌ನಲ್ಲಿ ಇದ್ದು ಬಂದವರು ಹೇಳ್ತಾರೆ. ಮೊಹರ್ರಂನಲ್ಲಿ ಲಕ್ಷಾಂತರ ಜನ ಸೇರ್ತಾರೆ, ಅದೂ ದುಡ್ಡು ಕೊಟ್ಟು ಕರೆಸಿರೋದಲ್ಲ. ಆದ್ರೆ ಅವ್ರೇ ಇನ್ನೊಂದು ಮಾತೂ ಹೇಳ್ತಾರೆ. ಮೊದಲು ಪೇಟ ಸುತ್ತಿದ ಮೌಲಾನಾ ಬಂದರೆ ಟ್ಯಾಕ್ಸಿಯವನು ದುಡ್ಡು ತಗೊಳ್ತಿರಲಿಲ್ಲ, ಈಗ ಕೈ ತೋರಿಸಿದ್ರೂ ನಿಲ್ಲಿಸಲ್ಲ. 2022ರಲ್ಲಿ ಹುಡುಗರು ಹಿಂದಿನಿಂದ ಓಡಿಬಂದು ಪೇಟ ಹಾರಿಸಿ ಓಡೋ ವಿಡಿಯೊ ನೋಡಿ ಅವರಿಗೆ ಸಂಕಟ ಆಗಿತ್ತು. ಬಡ ಮೌಲಾನಾ ಏನು ಮಾಡಿದ್ದ, ಅವನೂ ಬಸ್ಸಲ್ಲೇ ಓಡಾಡೋನು. ಧರ್ಮ ಸರ್ಕಾರದ ಜೊತೆ ಕೂತಿದ್ದಕ್ಕೆ ಪೆಟ್ಟು ಬಿದ್ದದ್ದು ಧರ್ಮಕ್ಕೇ ಅಂತ ಅವರ ಅಭಿಪ್ರಾಯ. ಮಸೀದಿಗಳು ಖಾಲಿ ಅಂತ ಸರ್ಕಾರದ ಕಡೆಯ ಮೌಲ್ವಿಯೇ 2023ರಲ್ಲಿ ಒಪ್ಪಿಕೊಂಡಿದ್ದಾರಲ್ಲ, 75 ಸಾವಿರದಲ್ಲಿ 50 ಸಾವಿರ ಬಾಗಿಲು ಹಾಕಿವೆ ಅಂತ.

ಮೇಷ್ಟ್ರಮ್ಮ · 15 ನವೆಂಬರ್, ರಾತ್ರಿ 9:00

ಲೋಕಲ್ ಅವರ ಮಾತು ಮುಖ್ಯ. ಚಾದರ್ ಹೊದ್ದ ಹೆಂಗಸರಲ್ಲೇ ಎಷ್ಟೋ ಜನ ಕಡ್ಡಾಯ ಬೇಡ ಎನ್ನುತ್ತಾರೆ. ಚಾದರ್ ಹೊದ್ದ ತಾಯಿ, ಬರಿತಲೆಯ ಮಗಳು ಕೈ ಹಿಡಿದು ಬಜಾರಿಗೆ ಹೋಗುವ ದೃಶ್ಯ ಅಲ್ಲಿ ಈಗ ಸಾಮಾನ್ಯ. ಜಗಳ ಹಿಜಾಬಿನ ಮೇಲಲ್ಲ, ಕಡ್ಡಾಯದ ಮೇಲೆ.

ಬರ್ಲಿನ್ ಬಿಸಿಬೇಳೆ · 16 ನವೆಂಬರ್, ಮಧ್ಯಾಹ್ನ 12:20

ಘೋಷಣೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಬದಲಾವಣೆ ಕಾಣುತ್ತೆ. 2009ರಲ್ಲಿ ಹಸಿರು ಚಳವಳಿಯವರು ಕೇಳಿದ್ದು 'ನನ್ನ ವೋಟು ಎಲ್ಲಿ?' ಅಂತ. ಅಂದರೆ ಚುನಾವಣೆ ಮೇಲೆ ಇನ್ನೂ ನಂಬಿಕೆ ಇತ್ತು, ಎಣಿಕೆ ಸರಿ ಮಾಡಿ ಅಂತಷ್ಟೇ ಕೇಳ್ತಿದ್ದರು. ಅವರ ನಾಯಕ ಮುಸಾವಿ 2011ರಿಂದ ಗೃಹಬಂಧನದಲ್ಲಿದ್ದಾರೆ. 2017ರ ಕೊನೆಗೆ 'ಸುಧಾರಣಾವಾದಿಗಳೇ, ಸಂಪ್ರದಾಯವಾದಿಗಳೇ, ಆಟ ಮುಗೀತು'. 2019ರ ನವೆಂಬರಿನಲ್ಲಿ ರಾತ್ರೋರಾತ್ರಿ ಪೆಟ್ರೋಲ್ ಬೆಲೆ ಏರಿಸಿದಾಗ ಬೀದಿಗೆ ಬಂದದ್ದು ಬಡ ಬಡಾವಣೆಗಳು. ಸುಮಾರು ಒಂದು ವಾರ ಇಂಟರ್ನೆಟ್ಟೇ ಇಲ್ಲ, ಆ ಕತ್ತಲಲ್ಲಿ ಗುಂಡು. 2022ರಲ್ಲಿ 'ಹೆಣ್ಣು, ಬದುಕು, ಸ್ವಾತಂತ್ರ್ಯ'. ಇದು ಮೂಲದಲ್ಲಿ ಅಲ್ಪಸಂಖ್ಯಾತ ಕುರ್ದರ ಘೋಷಣೆ, ಮಹ್ಸಾ ಊರು ಸಕ್ಕೆಜ್‌ನ ಸ್ಮಶಾನದಲ್ಲಿ ಮೊದಲು ಕೂಗಿದ್ದು. ಮನೆಯವರು ಅವಳನ್ನು ಕರೀತಿದ್ದ ಹೆಸರು ಜೀನಾ.

ಮತಪೆಟ್ಟಿಗೆ ಕಡೆ ಬಂದರೆ, ಆಗಿನ ಅಧ್ಯಕ್ಷ ರಯೀಸಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಮೇಲೆ 2024ರ ಜೂನ್‌ನಲ್ಲಿ ನಡೆದ ಮೊದಲ ಸುತ್ತಿನಲ್ಲಿ ವೋಟು ಹಾಕಿದವರು ಶೇ. 40 ಮಾತ್ರ. ಪೆಜೆಶ್ಕಿಯಾನ್ ಗೆದ್ದ ಎರಡನೇ ಸುತ್ತಿನಲ್ಲೂ ಅರ್ಧ ದೇಶ ಮನೆಯಲ್ಲೇ ಕೂತಿತ್ತು.

ನಮ್ಮ ಬರ್ಲಿನಿನ ಇರಾನಿ ವಲಸಿಗರ ಬಗ್ಗೆ ಒಂದು ಮಾತು. 2022ರ ಅಕ್ಟೋಬರ್ 22ರ ಬರ್ಲಿನ್ ಮೆರವಣಿಗೆಗೆ ನಾನೂ ಹೋಗಿದ್ದೆ, ಪೊಲೀಸರ ಲೆಕ್ಕವೇ 80 ಸಾವಿರ. ಕುರ್ದರು, ಎಡದವರು, ಸಿಂಹ-ಸೂರ್ಯನ ಹಳೇ ಬಾವುಟದ ರಾಜನ ಕಡೆಯವರು, ಎಲ್ಲ ಒಂದೇ ಬೀದಿಯಲ್ಲಿ. ಈಗ ಅದೇ ಜನ ಒಬ್ಬರ ಮುಖ ಒಬ್ಬರು ನೋಡಲ್ಲ. ಜೂನ್ ಯುದ್ಧ ಮಧ್ಯೆ ಗೆರೆ ಎಳೀತು. ಕೊನೆಯ ಶಾನ ಮಗ ರೆಜಾ ಪಹ್ಲವಿ ಕಡೆಯವರಲ್ಲಿ ಕೆಲವರಿಗೆ ಬಾಂಬ್ ಅಂದರೆ ಬಿಡುಗಡೆ. ಉಳಿದವರಿಗೆ ಅದು ಸಹಿಸೋಕಾಗದ ಮಾತು. ಇಸ್ರೇಲ್ ಬಾಂಬ್ ಎವಿನ್ ಜೈಲಿನ ಮೇಲೂ ಬಿತ್ತು, ಕೈದಿಗಳನ್ನು ನೋಡೋಕೆ ಬಂದ ಮನೆಯವರೂ ಸತ್ತರು. ಆ ಜೈಲಿನಲ್ಲಿ ಇದ್ದವರೇ ಈ ಸರ್ಕಾರದ ವಿರೋಧಿಗಳು!

ಗದಗಿನ ಗೆಳೆಯ · 16 ನವೆಂಬರ್, ಮಧ್ಯಾಹ್ನ 3:02

ಯುದ್ಧ ಆದಮ್ಯಾಲ ಸರ್ಕಾರಕ್ಕೂ ಒಮ್ಮೆಲೆ ಹಳೇ ಪರ್ಷಿಯಾ ನೆನಪಾಗೈತಿ. ಇಷ್ಟು ವರ್ಷ ಇಸ್ಲಾಂಗಿಂತ ಮೊದಲಿನ ರಾಜರು ಅಂದ್ರ ಮುಖ ತಿರುವಾವ್ರು. ಈ ತಿಂಗಳ ಎಂಗೆಲಾಬ್ ಚೌಕದಾಗ ಶಾಪುರ್ ರಾಜನ ಮುಂದ ರೋಮ್ ಚಕ್ರವರ್ತಿ ವಲೇರಿಯನ್ ಮೊಣಕಾಲೂರಿದ್ದ ಪುತ್ಥಳಿ ನಿಲ್ಲಿಸ್ಯಾರ. ಮೊಹರ್ರಮಿನ ಅಶೂರಾದ ಹಿಂದಿನ ರಾತ್ರಿ ಸರ್ವೋಚ್ಚ ನಾಯಕ ಖಾಮೆನೇಯಿ ತಾನಾ ಬಂದು ದೇಶಭಕ್ತಿ ಹಾಡು ಹಾಡಿಸಿದ. ಧರ್ಮ ಕೈ ಕೊಟ್ರ ದೇಶ, ದೇಶ ಕೈ ಕೊಟ್ರ ಇನ್ನೇನೋ. ಎಲ್ಲಾ ಕಡೆ ಇದಾ ಧಂದೆ ಬಿಡ್ರಿ.

ಸಿಡಿಮಿಡಿ · 16 ನವೆಂಬರ್, ಸಂಜೆ 5:45

ಇಲ್ಲಿ ಯಾರೂ ಹೇಳದ ಎರಡು ಸಂಗತಿ. ಒಂದು, ಯುದ್ಧ ಮುಗಿದ ಕೂಡಲೇ ಅಫ್ಘನ್ನರನ್ನು ಬಸ್ಸಿಗೆ ತುಂಬಿ ಗಡಿ ದಾಟಿಸಿದರು. ಈ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಜನ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಅದರಲ್ಲಿ ಇದ್ದರು. ಆಗ ನಿಮ್ಮ ಟೆಹ್ರಾನಿನ ಕೆಫೆಗಳಿಂದ ದೊಡ್ಡ ಪ್ರತಿಭಟನೆ ಏನೂ ಬರಲಿಲ್ಲ.

ಎರಡು, ಗಲ್ಲು. ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ಲೆಕ್ಕದಲ್ಲಿ 2024ಕ್ಕೆ 972. ಈ ವರ್ಷ ಸೆಪ್ಟೆಂಬರ್ ಮುಗಿಯೋ ಮುಂಚೆ ಸಾವಿರ ದಾಟಿತು. ಹೆಚ್ಚಿನವರು ಡ್ರಗ್ಸ್, ಕೊಲೆ ಕೇಸಿನ ಬಡವರು. ಬಲೂಚರು, ಕುರ್ದರು ಜನಸಂಖ್ಯೆಯ ಪಾಲಿಗಿಂತ ಜಾಸ್ತಿ. ಬಲೂಚರ ಊರು ಜಾಹೆದಾನ್‌ನಲ್ಲಿ 2022ರ ಸೆಪ್ಟೆಂಬರ್ 30ರ ಶುಕ್ರವಾರ ನಮಾಜ್ ಮುಗಿಸಿ ಬಂದವರ ಮೇಲೆ ಗುಂಡು ಹಾರಿಸಿ ಒಂದೇ ದಿನ ಹತ್ತಾರು ಜನರನ್ನು ಕೊಂದರು. ಸಮಾಜಸೇವಕಿ ಪಖ್ಶಾನ್ ಅಜೀಜಿಗೆ ಗಲ್ಲು ಶಿಕ್ಷೆಯನ್ನು ಈ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅವಳೂ ಕುರ್ದ್.

ರಾಜಧಾನಿಯಲ್ಲಿ ಕೂದಲು ಬಿಟ್ಟು, ಗಡಿಯಲ್ಲಿ ಕುತ್ತಿಗೆ ಹಿಡಿದರು. ಬದಲಾವಣೆ ಅನ್ನೋ ಮುಂಚೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಿ.

ತುಂಗಾತೀರ · 16 ನವೆಂಬರ್, ರಾತ್ರಿ 10:05

@ಸಿಡಿಮಿಡಿ ಇದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ, ಬೇಕಾಗಿಯೂ ಇಲ್ಲ, ಯಾಕಂದ್ರೆ ಇವೆರಡೂ ಒಂದೇ ವಿದ್ಯಮಾನದ ಎರಡು ತುದಿ. ಬೀದಿಯಲ್ಲಿ ಹಿಡಿತ ತಪ್ಪಿದ ಆಡಳಿತ ಜೈಲಿನೊಳಗೆ ಹಿಡಿತ ಬಿಗಿ ಮಾಡುತ್ತೆ. 2022ರ ನಂತರ ಗಲ್ಲು ಏರುತ್ತಾ ಬಂದದ್ದಕ್ಕೂ ವ್ಯಾನು ಕಡಿಮೆಯಾದದ್ದಕ್ಕೂ ಸಂಬಂಧ ಇಲ್ಲ ಅಂತ ನಾನು ಹೇಳಲಾರೆ. ನಾನು ಒಪ್ಪದೇ ಇರೋದು 'ಅದು ಇರೋದರಿಂದ ಇದು ಏನೂ ಅಲ್ಲ' ಅನ್ನೋ ಮಾತು. ಟ್ಯಾಕ್ಸಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಬರಿತಲೆಯಲ್ಲಿ ನಿಂತ ಹೆಂಗಸು ಉತ್ತರ ಟೆಹ್ರಾನಿನವಳೇ ಆಗಬೇಕಿಲ್ಲ. ಅಫ್ಘನ್ನರ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಚುಚ್ಚುತ್ತೆ, ಚುಚ್ಚಲಿ.

ಮೇಷ್ಟ್ರಮ್ಮ · 17 ನವೆಂಬರ್, ಬೆಳಿಗ್ಗೆ 6:10

ಕಾನೂನು ಬದಲಾಗುವುದೇ ಇಲ್ಲ ಎಂಬ ತುಂಗಾತೀರರ ಮಾತಿಗೆ ಒಂದು ಅಪವಾದ. ಮೊದಲು ವಿದೇಶಿಯನ್ನು ಮದುವೆಯಾದ ಇರಾನಿ ಹೆಣ್ಣಿನ ಮಕ್ಕಳಿಗೆ ಪೌರತ್ವ ಸಿಗುತ್ತಿರಲಿಲ್ಲ. ಹೆಚ್ಚಾಗಿ ಅಫ್ಘನ್ ಕೂಲಿಗಳನ್ನು ಮದುವೆಯಾದ ಬಡ ಹೆಂಗಸರ ಪಾಡು ಅದು. 2017ರಲ್ಲಿ ಮಿರ್ಜಾಖಾನಿ ತೀರಿಕೊಂಡಾಗ ಅವಳ ಮಗಳಿಗೂ ಇರಾನಿ ಪೌರತ್ವ ಇಲ್ಲ ಎಂಬುದು ದೊಡ್ಡ ಸುದ್ದಿಯಾಯಿತು, ಕೆಲವು ಪತ್ರಿಕೆಗಳು ಅವಳ ಬರಿತಲೆಯ ಫೋಟೊವನ್ನೇ ಮುಖಪುಟಕ್ಕೆ ಹಾಕಿದವು. 2019ರಲ್ಲಿ ಕಾನೂನು ತಿದ್ದುಪಡಿಯಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆಜಾದಿ ಸ್ಟೇಡಿಯಮ್ಮಿಗೆ ಹೆಂಗಸರಿಗೆ ಟಿಕೆಟ್ ಕೊಟ್ಟರು, ಕಾಂಬೋಡಿಯಾ ಮೇಲೆ 14–0 ಗೆದ್ದ ಪಂದ್ಯ. ಅದಕ್ಕೆ ಒಂದು ತಿಂಗಳ ಹಿಂದೆ, ಗಂಡಸಿನ ವೇಷದಲ್ಲಿ ಸ್ಟೇಡಿಯಮ್ಮಿಗೆ ಹೋಗಿ ಸಿಕ್ಕಿಬಿದ್ದ ಸಹರ್ ಖೊದಾಯಾರಿ ಕೋರ್ಟಿನ ಮುಂದೆ ಬೆಂಕಿ ಹಚ್ಚಿಕೊಂಡು ಸತ್ತಿದ್ದಳು. ಬಾಗಿಲು ತೆರೆಸಿದ್ದು ಅವಳ ಸಾವು ಮತ್ತು ಫಿಫಾದ ಒತ್ತಡ, ಸಂಸತ್ತಲ್ಲ.

ಕರಾವಳಿ ಟು ಕೊಲ್ಲಿ · 17 ನವೆಂಬರ್, ಮಧ್ಯಾಹ್ನ 1:15

ಕಾನೂನಿನ ಮಾತು ಬಂತಲ್ಲ, ಈಗ ಅಲ್ಲಿ ನಡೀತಿರುವ ಮಜಾ ಸಂಗತಿ ಬೈಕಿನದ್ದು. ಟೆಹ್ರಾನ್ ಟ್ರಾಫಿಕ್ಕಿನಲ್ಲಿ ಬೈಕ್ ಓಡಿಸುವ ಹೆಂಗಸರು ಈ ವರ್ಷ ಸಿಕ್ಕಾಪಟ್ಟೆ ಹೆಚ್ಚಾಗಿದ್ದಾರೆ. ಓಡಿಸಬಾರದು ಅಂತ ನೇರ ನಿಷೇಧ ಇಲ್ಲ. ಟ್ರಾಫಿಕ್ ಕಾಯ್ದೆಯಲ್ಲಿ 'ಗಂಡಸರಿಗೆ ಬೈಕ್ ಲೈಸೆನ್ಸ್ ಕೊಡುವುದು ಪೊಲೀಸರ ಹೊಣೆ' ಅಂತ ಉಂಟು. ಹೆಂಗಸರ ಸುದ್ದಿಯೇ ಇಲ್ಲ. ಹಾಗಾಗಿ ಲೈಸೆನ್ಸ್ ಕೊಡುವುದಿಲ್ಲ. ಲೈಸೆನ್ಸ್ ಇಲ್ಲದೆ ಏನಾದರೂ ಗುದ್ದಿದರೆ ಇನ್ಶೂರೆನ್ಸ್ ಕಥೆ ಗೊತ್ತಲ್ಲ.

ನಮ್ಮ ಕ್ಲಿಯರಿಂಗ್ ಆಫೀಸಿನ ಆ ಹೆಂಗಸೂ ಸ್ಕೂಟರ್ ತೆಗೆದುಕೊಂಡಿದ್ದಾಳೆ. ಬಿಡಿಭಾಗ ನಮ್ಮ ಧೋದಲ್ಲೇ ಹೋಗ್ತದೆ. ಹೆಲ್ಮೆಟ್ ಹಾಕ್ತೀಯಾ ಅಂದರೆ ನಕ್ಕಳು. ಹೆಲ್ಮೆಟ್ ಹಾಕಿದರೆ ತಲೆ ಮುಚ್ಚಿದ ಲೆಕ್ಕವೇ ಅಂತೆ, ಪೊಲೀಸಿಗೆ ಹೇಳಲಿಕ್ಕೆ ಬೇರೇನೂ ಉಳಿಯುವುದಿಲ್ಲ.

ಸಿಡಿಮಿಡಿ · 17 ನವೆಂಬರ್, ಮಧ್ಯಾಹ್ನ 1:32

ನಾಳೆ ಬೈಕ್ ಸೀಜ್ ಮಾಡಿದರೆ?

ಕರಾವಳಿ ಟು ಕೊಲ್ಲಿ · 17 ನವೆಂಬರ್, ಮಧ್ಯಾಹ್ನ 1:50

ಒಮ್ಮೆ ಆಗಿದೆ. ಬಿಡಿಸಿಕೊಂಡು ಬರಲಿಕ್ಕೆ ತಮ್ಮನನ್ನು ಕಳಿಸಬೇಕಾಯ್ತು, ಲೈಸೆನ್ಸ್ ಇರುವುದು ಅವನಿಗೆ. ಮರುದಿನದಿಂದ ಮತ್ತೆ ಅವಳೇ ಓಡಿಸ್ತಿದ್ದಾಳೆ.

ಗದಗಿನ ಗೆಳೆಯ · 17 ನವೆಂಬರ್, ರಾತ್ರಿ 7:48

@ಕರಾವಳಿ ಅಣ್ಣಾರ, ಚಾಬಹಾರ್ ಬಂದರಿಂದ ನಮ್ಮ ಬಾಸ್ಮತಿ ಹೋಗೂದು ಈಗ ನಿಂತೈತೇನು? ನಿರ್ಬಂಧದ ಮ್ಯಾಲ ಅಮೆರಿಕ ರಿಯಾಯ್ತಿ ತಗದಿತ್ತಲ್ಲ.

ನಿರ್ವಾಹಕ · 17 ನವೆಂಬರ್, ರಾತ್ರಿ 8:00

ಚಾಬಹಾರ್, ಅಕ್ಕಿ ವ್ಯಾಪಾರಕ್ಕೆ 'ವಾಣಿಜ್ಯ' ವಿಭಾಗದಲ್ಲಿ ಹೊಸ ಎಳೆ ತೆರೆದಿದ್ದೇನೆ, ಅಲ್ಲಿಗೆ ಬನ್ನಿ. ಇದು ತೆರೆದೇ ಇರುತ್ತೆ.